ಕಮಲ ಮಹಲಿನ ಮುಂದೆ ಗರಿಕೆ ನಾಟಿ

ಅರಮನೆಯಲ್ಲಿ ಕೆಲಸ ಮಾಡುತ್ತೇನೆ ಎಂದು ಹೇಳಿಕೊಳ್ಳುವ ಹಕ್ಕು ನಮ್ಮ ಕಾಲದಲ್ಲಿ ಹೆಚ್ಚು ಜನಕ್ಕೆ ಇರಲಿಲ್ಲ. ನನಗಿತ್ತು. ಹಂಪಿಯ ಕಮಲ ಮಹಲಿನ ಮುಂದಿನ ತೋಟಕ್ಕೆ ನಾನು ಮೇಲ್ವಿಚಾರಕ. ಆ ಮಹಲಿನಿಂದ ರಾಣಿಯರು ಹೋಗಿ ನಾಲ್ಕು ನೂರು ವರ್ಷವಾಗಿತ್ತು. ಆದ್ದರಿಂದ ಕೆಲಸ ಹಗುರವಾಗಿರುತ್ತದೆ, ಹೇಳುವವರು ಕೇಳುವವರು ಯಾರೂ ಇರುವುದಿಲ್ಲ ಎಂದು ನಮ್ಮಪ್ಪ ಲೆಕ್ಕ ಹಾಕಿದ್ದ.

ಹೊಸಪೇಟೆಯಲ್ಲಿ ನಮ್ಮಪ್ಪನದು ಸೈಕಲ್ ಅಂಗಡಿ. ಎಪ್ಪತ್ತರ ದಶಕದ ಮಾತು ಇದು. ಡ್ಯಾಮಿನ ಕಾಲುವೆ ಹರಿದು ಸುತ್ತಲಿನ ಊರುಗಳೆಲ್ಲ ಭತ್ತ, ಕಬ್ಬು ಎಂದು ಹಸಿರಾಗಿದ್ದವು. ಮೊದಲು ಸೈಕಲ್ ಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದವರು ಈಗ ನಮ್ಮ ಅಂಗಡಿಯ ಮುಂದೆಯೇ ಮೋಟರ್ ಸೈಕಲ್ ಮೇಲೆ ಹೋಗುತ್ತ ಅಪ್ಪನಿಗೆ ಕೈ ಎತ್ತಿ ನಮಸ್ಕಾರ ಮಾಡುತ್ತಿದ್ದರು. ಅಪ್ಪನಿಗೆ ಊರು ಉದ್ಧಾರವಾದದ್ದರ ಬಗ್ಗೆ ಸ್ವಲ್ಪ ಬೇಸರವಿತ್ತು. ಮಗ ಸರ್ಕಾರಿ ಕೆಲಸಕ್ಕೇ ಸೇರಬೇಕು ಎಂದು ಹಟ ಹಿಡಿದ. ನಾನು ಚರಿತ್ರೆಯಲ್ಲಿ ಬಿ.ಎ. ಮಾಡಿದ್ದೆ. ಚರಿತ್ರೆ ಓದಿದವನಿಗೆ ಹುಲ್ಲು ಕಾಯುವ ಕೆಲಸ ಯಾಕೆ ಕೊಟ್ಟರು ಎಂದು ನಾನು ಕೇಳಲಿಲ್ಲ, ಕೊಟ್ಟವರೂ ಹೇಳಲಿಲ್ಲ. ಕೆಲಸ ತಾತ್ಕಾಲಿಕ. ಆರು ತಿಂಗಳು ನೋಡಿ, ಹೊಸಪೇಟೆ ಕಚೇರಿಯ ಸಾಹೇಬರು ಒಳ್ಳೆಯ ವರದಿ ಕೊಟ್ಟರೆ ಖಾಯಂ, ಇಲ್ಲದಿದ್ದರೆ ಪಂಕ್ಚರ್ ಹಾಕಲು ಅಂಗಡಿ ಇದ್ದೇ ಇತ್ತು.

ನೋಡದವರಿಗೆ ಹೇಳುವುದಾದರೆ, ಸುತ್ತ ಎತ್ತರದ ಕಲ್ಲಿನ ಗೋಡೆ, ಮೂಲೆಗಳಲ್ಲಿ ಕಾವಲು ಬುರುಜು, ಒಳಗೆ ಒಂದು ದೊಡ್ಡ ಅರಮನೆಯ ತಳಪಾಯ ಮಾತ್ರ, ಆಚೆ ಆನೆಲಾಯ. ಇವುಗಳ ನಡುವೆ ಕಮಲ ಮಹಲು ಒಂದೇ ಪೂರ್ತಿ ನಿಂತಿದೆ. ಅದು ಚಿಕ್ಕದು. ಬಂದವರಲ್ಲಿ ಹತ್ತಕ್ಕೆ ಎಂಟು ಜನ ಅದನ್ನು ಒಂದು ಸುತ್ತು ಹಾಕಿ, "ಇಷ್ಟೇನಾ?" ಎಂದು ನನ್ನನ್ನು ಕೇಳುತ್ತಿದ್ದರು. ಇಷ್ಟೇ ಎಂದು ನಾನು ಒಪ್ಪಿಕೊಳ್ಳುತ್ತಿದ್ದೆ. ಆಮೇಲೆ ಅವರು ಬುತ್ತಿ ಬಿಚ್ಚಿ ಹುಲ್ಲಿನ ಮೇಲೆ ಕೂರುತ್ತಿದ್ದರು, ಅಲ್ಲಿಂದ ಏಳುತ್ತಿರಲಿಲ್ಲ. ಭಾನುವಾರ ಸಂಡೂರಿನ ಅದಿರು ಲಾರಿಗಳ ಡ್ರೈವರುಗಳು ಬರುತ್ತಿದ್ದರು. ಅವರು ಕೂತು ಎದ್ದು ಹೋದ ಜಾಗ ಸೋಮವಾರದವರೆಗೂ ಕೆಂಪಾಗಿರುತ್ತಿತ್ತು. ಒಟ್ಟಿನಲ್ಲಿ ಜನ ಮಹಲು ನೋಡಲು ಬಂದು ಹುಲ್ಲನ್ನು ಅನುಭವಿಸಿ ಹೋಗುತ್ತಿದ್ದರು. ತೋಟದ ಮೇಲ್ವಿಚಾರಕನಾದ ನನಗೆ ಇದರಲ್ಲಿ ಹೆಮ್ಮೆ ಇತ್ತು.

ಆ ಹುಲ್ಲನ್ನು ನಾವು ಲಾನ್ ಎನ್ನುತ್ತಿದ್ದೆವು. ಲಾನ್ ಎಂಬುದೇ ಒಂದು ಜಾತಿಯ ಹುಲ್ಲು, ಇಂಗ್ಲೆಂಡಿನಿಂದ ಬಂದದ್ದು ಎಂದು ನಾನು ನಂಬಿದ್ದೆ. ಗರಿಕೆಯೂ ನನಗೆ ಗೊತ್ತಿತ್ತು. ಅದು ಚೌತಿಯ ದಿನ ಮಾರ್ಕೆಟ್ಟಿನಲ್ಲಿ ಕಟ್ಟು ಕಟ್ಟಿ ಮಾರುವ ವಸ್ತು, ಗಣಪತಿಯ ತಲೆಯ ಮೇಲೆ ಇಡುವಂಥದ್ದು. ಎರಡೂ ಒಂದೇ ಎಂದು ನನಗೆ ಯಾರೂ ಹೇಳಿರಲಿಲ್ಲ. ಆ ಮಹಲು ಕಟ್ಟಿದವರ ವಂಶಾವಳಿ ನನಗೆ ಬಾಯಿಪಾಠವಿತ್ತು, ಅದನ್ನೂ ಯಾರೂ ಕೇಳಿರಲಿಲ್ಲ.

ನಾನು ಸೇರಿದ ನಾಲ್ಕನೆಯ ತಿಂಗಳು, ಬೇಸಿಗೆ ಮುಗಿಯುವ ಹೊತ್ತಿಗೆ, ದಿಲ್ಲಿಯಿಂದ ಒಬ್ಬ ಭಾರಿ ಅಧಿಕಾರಿ ಹೆಂಡತಿಯ ಸಮೇತ ಹಂಪಿ ನೋಡಲು ಬರುತ್ತಾರೆ ಎಂದು ಸುದ್ದಿ ಬಂತು. ಇನ್ನೊಂದು ತಿಂಗಳಿತ್ತು. ನಮ್ಮ ಸಾಹೇಬರು ಜೀಪಿನಲ್ಲಿ ಬಂದು ತೋಟವನ್ನೆಲ್ಲ ನೋಡಿದರು. ಅವರು ಬಾಯಿಮಾತನ್ನು ನಂಬುವವರಲ್ಲ. ಮಳೆ ಬಂತು ಸಾರ್ ಎಂದರೂ "ಬರೆದು ಕೊಡ್ರಿ" ಎನ್ನುವವರು. ಅವತ್ತು ಮಾತ್ರ ಬಾಯಲ್ಲೇ ಹೇಳಿದರು.

"ಲಾನಿನಾಗ ಒಂದು ಕಳೆ ಕಾಣಬಾರದು. ಕಂಡರ ನೀವು ಕಾಣಂಗಿಲ್ಲ."

ಲಾನಿನಲ್ಲಿ ಜೇಕು ಎದ್ದಿತ್ತು, ನೆಗ್ಗಿಲು ಹಬ್ಬಿತ್ತು. ಕಳೆ ತೆಗೆಯುವವರು ಬೇಕಿತ್ತು. ಬೇಸಿಗೆಯಲ್ಲಿ ಕಾಲುವೆ ಬಂದ್ ಮಾಡುತ್ತಾರೆ, ಗದ್ದೆಗಳಲ್ಲಿ ಕೆಲಸ ಇರುವುದಿಲ್ಲ. ಕಂಪ್ಲಿಯ ಕಡೆಯಿಂದ ಬರುತ್ತಿದ್ದ ನಮ್ಮ ಕಾವಲುಗಾರ, ಎಮ್ಮಿಗನೂರಿನಲ್ಲಿ ಒಂದು ಗುಂಪು ಇದೆ, ಅವರು ಕೈ ಹಾಕಿದರೆ ಗದ್ದೆಯಲ್ಲಿ ಭತ್ತ ಬಿಟ್ಟು ಬೇರೇನೂ ಉಳಿಯುವುದಿಲ್ಲ ಎಂದ. ಹೇಳಿ ಕಳಿಸಿದೆ. ಮರುದಿನ ಮೊದಲ ಬಸ್ಸಿಗೆ ಎಂಟು ಹೆಂಗಸರು ಕುರ್ಪಿ ಹಿಡಿದು ಬಂದಿಳಿದರು.

ಗುಂಪಿನ ಹಿರಿಯಾಕೆಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು, ಮಾತು ಕಡಿಮೆ. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಡೆಯುತ್ತಿದ್ದಳು. ಯಾಕೆ ಎಂದು ನಾನು ನೋಡಿದ್ದು ಆಕೆಗೆ ಗೊತ್ತಾಯಿತು.

"ಹಾಕ್ಕೊಂಡ್ರ ಹತ್ತತೈತ್ರಿ," ಎಂದು ಪಾದ ತೋರಿಸಿದಳು. ಬೆರಳುಗಳ ಸಂದಿಯೆಲ್ಲ ಬೆಳ್ಳಗೆ ಕೊಳೆತು ಬಿರಿದಿತ್ತು. ಕಾಲುವೆ ಬಂದ ವರ್ಷದಿಂದ ಆಕೆ ನಾಟಿ, ಕಳೆ, ಮತ್ತೆ ನಾಟಿ ಎಂದು ನೀರಿನಲ್ಲೇ ನಿಂತವಳು. "ಕಂಪ್ಲಿ ಡಾಕ್ಟ್ರು ಹೇಳ್ಯಾರ. ಇನ್ನೊಂದು ವರ್ಷ ಕೆಸರಿಗೆ ಇಳದ್ರ ಬಳ್ಳು ತೆಗೀಬೇಕಾಗ್ತೈತಂತ. ನಿಮ್ಮ ಹಂತ್ಯಾಕ ಒಣ ಕೆಲಸ ಇರ್ತಾವಂತ ಕೇಳಿ ಬಂದೆ. ನನಗ ಖಾಯಂ ಏನಾರ ಮಾಡಿಸಿಕೊಡ್ರಿ ಸಾರ."

ಆಕೆ ಬೆರಳಿಗೆ ಬಳ್ಳು ಎಂದಳು. ತೆಗೆಯುವುದು ಎಂದರೆ ಕತ್ತರಿಸುವುದು. ಕಳೆ ತೆಗೆಯುವುದರ ಬಗ್ಗೆ ಹೇಳುವ ಹಾಗೆಯೇ ಹೇಳಿದಳು.

ತೋಟಕ್ಕೆ ಗುಡಿಸಲು, ಕುಂಡಗಳಿಗೆ ನೀರು ಹಾಕಲು ಇಬ್ಬರು ಹೆಂಗಸರನ್ನು ತೆಗೆದುಕೊಳ್ಳುವ ಮಾತು ಕಚೇರಿಯಲ್ಲಿ ನಡೆದಿತ್ತು. ಅಧಿಕಾರಿ ಬಂದು ಹೋದ ಮೇಲೆ ನಿಮ್ಮ ಹೆಸರು ಹೇಳುತ್ತೇನೆ ಎಂದೆ. ನಾನೇ ತಾತ್ಕಾಲಿಕ ಎಂಬುದನ್ನು ಹೇಳಲಿಲ್ಲ. ಒಬ್ಬ ಮೇಲ್ವಿಚಾರಕ ಎಲ್ಲವನ್ನೂ ಹೇಳಬಾರದು.

ಕೆಲಸ ಶುರು ಮಾಡುವ ಮೊದಲು, ಒಮ್ಮೆ ಅರಮನೆ ತೋರಿಸಿರಿ ಎಂದು ಕೇಳಿದರು. ಒಂದು ಗಂಟೆ ದಾರಿಯ ಊರಿನವರು, ಯಾರೊಬ್ಬರೂ ಮೊದಲು ನೋಡಿರಲಿಲ್ಲ. ನನಗೆ ಖುಷಿಯಾಯಿತು. ನಾಲ್ಕು ತಿಂಗಳಲ್ಲಿ ನನ್ನ ಬಿ.ಎ.ಗೆ ಸಿಕ್ಕ ಮೊದಲ ಕೆಲಸ. ಕಮಾನುಗಳನ್ನು ತೋರಿಸಿ ಯಾವ ಶೈಲಿ ಎಂದು ಹೇಳಿದೆ. ಅವರು ಶೈಲಿಯನ್ನು ಕೇಳಿಸಿಕೊಂಡು, ಅಡುಗೆ ಮನೆ ಎಲ್ಲಿ ಎಂದರು. ಇಲ್ಲ ಎಂದೆ. ಎಂಟು ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಬಚ್ಚಲು? ಅದು ಬೇರೆ ಕಡೆ ಇದೆ, ಅರ್ಧ ಮೈಲಿ ಎಂದೆ.

"ಅರ್ಧ ಮೈಲಿ ಹೋಗಿ ಮೈ ತೊಳಕೊಂಡು ಬರಾದ್ರಾಗ ಮತ್ತ ಬೆವರತಾರಲ್ರಿ," ಎಂದಳು ಒಬ್ಬಳು.

"ರಾಣಿ ಆಗಾದೂ ಕಷ್ಟ ಬಿಡು," ಎಂದಳು ಇನ್ನೊಬ್ಬಳು.

ದೊಡ್ಡಕ್ಕ ಒಬ್ಬಳೇ ಗೋಡೆಯಲ್ಲಿದ್ದ ಮಣ್ಣಿನ ಕೊಳವೆಯನ್ನು ಬೆರಳಿಟ್ಟು ನೋಡಿದಳು. ಮಹಲು ತಂಪಾಗಿರಲಿ ಎಂದು ಇದರಲ್ಲಿ ನೀರು ಹರಿಸುತ್ತಿದ್ದರಂತೆ ಎಂದೆ. "ಹಂಗಾರ ಇವ್ರಿಗೂ ಕಾಲುವಿ ಇತ್ತು," ಎಂದಳು. ಇತ್ತು, ಈಗಲೂ ಹರಿಯುತ್ತದೆ ಎಂದೆ. ಅರಮನೆಯ ಬಗ್ಗೆ ಆಕೆ ತಿಳಿದುಕೊಳ್ಳಬೇಕಾದದ್ದು ಅಷ್ಟೇ ಇದ್ದಂತೆ ಕಂಡಿತು. ಹೋಗಿ ಲಾನಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತಳು.

ಈಗ ಗರಿಕೆಯ ಮಾತಿಗೆ ಬರುತ್ತೇನೆ. ನಾನು ಹೊಸಪೇಟೆಗೆ ಹೋಗಿ ಕುಂಡಗಳಿಗೆ ಬಳಿಯಲು ಕೆಮ್ಮಣ್ಣು, ಅಂಚಿನ ಕಲ್ಲುಗಳಿಗೆ ಸುಣ್ಣ ತರಬೇಕಿತ್ತು. ಬಸ್ಸಿನ ಹೊತ್ತಾಗಿತ್ತು. "ಇಲ್ಲಿಂದ ಅಲ್ಲಿತನಕ ಒಂದು ಕಳೆ ಇರಬಾರದು ನೋಡ್ರಿ," ಎಂದೆ.

"ಎಲ್ಲಾ ಕಳೆ ತೆಗೀಬೇಕೇನ್ರಿ?" ಎಂದಳು ದೊಡ್ಡಕ್ಕ.

"ಎಲ್ಲಾ."

ಆಕೆ ಕುರ್ಪಿಯಿಂದ ನೆಲ ಮುಟ್ಟಿದಳು. "ಗರಿಕಿನೂ?"

"ಗರಿಕಿನೂ ತೆಗೀರಿ," ಎಂದು ನಾನು ಬಸ್ಸಿಗೆ ಓಡಿದೆ.

ಸಂಜೆ ನಾಲ್ಕಕ್ಕೆ ಸುಣ್ಣದ ಚೀಲ ಹೊತ್ತುಕೊಂಡು ಬಂದೆ. ಕಮಲ ಮಹಲಿನ ಮುಂದೆ ಒಂದು ಕಣ ಇತ್ತು. ಸುಗ್ಗಿಯಲ್ಲಿ ರಾಶಿ ಮಾಡಲು ಸಾರಿಸಿಡುತ್ತಾರಲ್ಲ, ಅಷ್ಟು ಸ್ವಚ್ಛ. ಒಂದು ಎಳೆ ಹುಲ್ಲಿಲ್ಲ. ಮೇಲೆ ಕಿತ್ತರೆ ಗರಿಕೆ ಮತ್ತೆ ಬರುತ್ತದೆಂದು ಗೇಣು ಆಳ ಅಗೆದು ಬೇರಿನ ಸಮೇತ ತೆಗೆದಿದ್ದರು. ಕಿತ್ತು ಬಿಸಾಕಿದರೂ ಅದು ಬದುಕುತ್ತದೆಂದು ಕಾದ ಬಂಡೆಯ ಮೇಲೆ ಹರಡಿ ಒಣಗಿಸಿದ್ದರು. ಬಯಲಿನಲ್ಲಿ ಅಲ್ಲಲ್ಲಿ ನಾಲ್ಕೈದು ಹಸಿರು ಗುಪ್ಪೆಗಳು ಮಾತ್ರ ಉಳಿದಿದ್ದವು. ಹತ್ತಿರ ಹೋಗಿ ನೋಡಿದೆ. ಗೋಳಿ ಸೊಪ್ಪು.

"ಪಲ್ಲೇದ ಸೊಪ್ಪು ಕಿತ್ತಿಲ್ರಿ," ಎಂದಳು ದೊಡ್ಡಕ್ಕ. "ಅದು ಕಳೆ ಅಲ್ಲ ನೋಡ್ರಿ. ಉಳದದ್ದು ಒಂದು ಎಳಿ ಬಿಟ್ಟಿಲ್ಲ."

ನಾನು ಸುಣ್ಣದ ಚೀಲ ಇಳಿಸುವುದನ್ನೂ ಮರೆತು ನೋಡುತ್ತ ನಿಂತೆ. ಅದನ್ನು ಆಕೆ ಮೆಚ್ಚುಗೆ ಎಂದು ತಿಳಿದಳು. ಕೆಲವರು ಹಾಗೆಯೇ, ಒಳ್ಳೆಯ ಕೆಲಸ ಕಂಡರೆ ಮಾತಾಡುವುದಿಲ್ಲ. ನಾಲ್ಕೂವರೆಯ ಬಸ್ಸಿಗೆ ಹೊತ್ತಾಗಿ ಎಂಟು ಜನ ಉಡಿಯಲ್ಲಿ ಒಂದಿಷ್ಟು ಸೊಪ್ಪು ಕಟ್ಟಿಕೊಂಡು ನಗುತ್ತ ಹೊರಟರು.

ಐದಕ್ಕೆ ಜೀಪು ಬಂತು. ಸಾಹೇಬರು ಇಳಿದು, ನೋಡಿ, ಮತ್ತೆ ಜೀಪಿಗೆ ಹತ್ತಿ ಕೂತರು. ಬಹಳ ಹೊತ್ತು ಎದುರಿನ ಗಾಜಿನ ಮೂಲಕವೇ ನೋಡಿದರು. ಕಡೆಗೆ ಅವರು ಹೇಳಿದ್ದು ಎರಡೇ ಮಾತು.

"ಬರೆದು ಕೊಡ್ರಿ."

ಮಹಲಿನ ಜಗುಲಿಯ ಮೇಲೆ ಕೂತು ಬರೆದೆ. "ಲಾನನ್ನು ಕಾಪಾಡುವಂತೆ ಸ್ಪಷ್ಟ ಸೂಚನೆ ನೀಡಿದ್ದರೂ, ಎಮ್ಮಿಗನೂರಿನ ಕೂಲಿ ಹೆಂಗಸರು ತಮ್ಮ ಅಜ್ಞಾನದಿಂದ ಸದರಿ ಹುಲ್ಲನ್ನು ಬುಡಸಹಿತ ನಾಶಪಡಿಸಿರುತ್ತಾರೆ." ವಾಕ್ಯ ಚೆನ್ನಾಗಿ ಬಂತು. ಸದರಿ ಎಂಬ ಮಾತು ಎಲ್ಲಿ ಹಾಕಬೇಕೆಂದು ನಾನು ಆ ನಾಲ್ಕು ತಿಂಗಳಲ್ಲಿ ಕಲಿತಿದ್ದೆ. ಸೂಚನೆ ಸ್ಪಷ್ಟವಾಗಿತ್ತು ಎಂಬುದೂ ಸುಳ್ಳಲ್ಲ. ಗರಿಕೆಯನ್ನೂ ತೆಗೆಯಿರಿ ಎನ್ನುವುದಕ್ಕಿಂತ ಸ್ಪಷ್ಟವಾಗಿ ಇನ್ನೇನು ಹೇಳಲು ಬರುತ್ತದೆ? ಸಾಹೇಬರು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಹೆಂಗಸರು ಮತ್ತೆ ಬಂದರು. ಆನೆಲಾಯದ ಮುಂದೆಯೂ ಕಳೆ ಇದೆಯಲ್ಲ, ಅದಕ್ಕೆ. ನಾನು ಹೇಳಲೇಬೇಕಾಯಿತು. ನೀವು ಕಿತ್ತದ್ದೇ ಲಾನ್, ಅದನ್ನೇ ನಾವು ಬೆಳೆಸುತ್ತಿದ್ದದ್ದು ಎಂದೆ.

"ಲಾನ್ ಅಂದ್ರ ಗರಿಕೀನಾ?" ಎಂದಳು ಒಬ್ಬಳು.

ಆಮೇಲೆ ಅವರು ನಕ್ಕರು. ಬುರುಜಿನ ಮೇಲಿದ್ದ ಪಾರಿವಾಳಗಳು ಹಾರಿಹೋಗುವಷ್ಟು ನಕ್ಕರು. ಸರ್ಕಾರ ಪಂಪ್‌ಸೆಟ್ ಇಟ್ಟು, ಆಳು ಇಟ್ಟು, ಮೇಲ್ವಿಚಾರಕನನ್ನು ಇಟ್ಟು ಗರಿಕೆ ಬೆಳೆಸುತ್ತದೆ ಎಂಬುದು ಅವರಿಗೆ ನಂಬಲಾಗದ ಸಂಗತಿ. ಜೀವಮಾನವಿಡೀ ಅವರು ಅದನ್ನು ಕಿತ್ತು ಬಿಸಾಕಿದವರು. ದೊಡ್ಡಕ್ಕ ನಗಲಿಲ್ಲ.

"ನಾ ಕೇಳಿದ್ನಲ್ರಿ ಸಾರ."

"ಕೇಳಿದ್ರಿ."

"ನೀವು ತೆಗೀರಿ ಅಂದ್ರಿ."

"ಅಂದೆ."

ಆಕೆ ನನ್ನ ಮುಖ ನೋಡಿದಳು. "ನಿಮ್ಮ ಕೆಲಸಕ್ಕ ತ್ರಾಸು ಐತೇನ್ರಿ?"

ಇದೆ ಎಂದೆ. ನಾನೂ ಖಾಯಂ ಅಲ್ಲ ಎಂದೂ ಹೇಳಿದೆ. ಅಷ್ಟು ಹೇಳಿದವನು ಹಿಂದಿನ ದಿನ ಬರೆದುಕೊಟ್ಟದ್ದನ್ನೂ ಹೇಳಬಹುದಿತ್ತು. ಹೇಳಲಿಲ್ಲ.

"ಅವ್ರು ಬರಾಕ ಎಷ್ಟು ದಿನ ಐತ್ರಿ?"

"ಒಂದು ತಿಂಗಳು."

"ಗರಿಕಿಗೆ ತಿಂಗಳು ಯಾಕ್ರಿ? ಬ್ಯಾಡ ಅಂದ್ರನ ಎಂಟು ದಿನದಾಗ ಬರ್ತೈತಿ. ಬಾ ಅಂದ್ರ ಬರಲಾರ್ದ ಇರ್ತೈತಾ? ಚಿಂತಿ ಮಾಡಬ್ಯಾಡ್ರಿ."

ಮರುದಿನ ಎಮ್ಮಿಗನೂರಿನಿಂದ ಟ್ರ್ಯಾಕ್ಟರ್ ಬಂತು, ಟ್ರೇಲರಿನ ತುಂಬ ಗರಿಕೆ. ಕಾಲುವೆಯ ದಂಡೆ, ಗದ್ದೆಯ ಬದು ಎಲ್ಲಾ ಕಡೆ ಅದೇ ತಾನೇ ಇರುವುದು. ಸರ್ಕಾರಕ್ಕೆ ಗರಿಕೆ ಬೇಕಂತೆ ಎಂಬ ಸುದ್ದಿ ಹಬ್ಬಿ ಊರಿನ ರೈತರು ತಾವಾಗಿಯೇ ಬದು ಕೆತ್ತಿ ತಂದು ತುಂಬಿಸಿದ್ದರಂತೆ. ಟ್ರ್ಯಾಕ್ಟರಿನವರು ಬಾಡಿಗೆ ಬೇಡ ಎಂದರು, ತಮ್ಮ ಬದುಗಳು ಸ್ವಚ್ಛವಾದವಲ್ಲ ಎಂದು. ಹೋಗುವಾಗ, ಸರ್ಕಾರ ಜೇಕನ್ನೂ ತೆಗೆದುಕೊಳ್ಳುತ್ತದೆಯೇ ಎಂದು ಆಸೆಯಿಂದ ಕೇಳಿದರು.

ಹುಲ್ಲನ್ನು ಹೇಗೆ ನೆಡಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿದೆಯೇ ಎಂದು ಅವರೂ ಕೇಳಲಿಲ್ಲ. ಅವರಿಗೆ ಗೊತ್ತಿದ್ದದ್ದು ಭತ್ತದ ನಾಟಿ. ಪಂಪ್ ಹಾಕಿಸಿ ಆ ಬಯಲಿಗೆಲ್ಲ ನೀರು ಕಟ್ಟಿದರು, ತುಳಿದು ಕೆಸರು ಮಾಡಿದರು. ಗರಿಕೆಯನ್ನು ಹಿಡಿ ಹಿಡಿ ಬಿಡಿಸಿ ಸಸಿಯಂತೆ ಕಟ್ಟು ಕಟ್ಟಿದರು. ಗಂಟು ಹಾಕಿದ ಹಗ್ಗವನ್ನು ಎರಡೂ ಕಡೆ ಹಿಡಿದು, ಸೀರೆ ಮೇಲಕ್ಕೆ ಕಟ್ಟಿ, ಒಂದೇ ಸಾಲಾಗಿ ಬಗ್ಗಿ, ಗಂಟಿಗೊಂದು ಹಿಡಿ ಊರುತ್ತ ಹಿಂದಕ್ಕೆ ಹಿಂದಕ್ಕೆ ಹೋದರು. ಕಮಲ ಮಹಲು ಮೊದಲ ಸಲ ನೀರಿನಲ್ಲಿ ತಲೆಕೆಳಗಾಗಿ ಕಂಡಿತು. ಆ ದಿನ ಬಂದ ಇಬ್ಬರು ವಿದೇಶಿಯರು ಪ್ರಾಚೀನ ಕಾಲದ ಬೇಸಾಯ ಎಂದುಕೊಂಡು ಎರಡು ರೀಲು ಫೋಟೋ ತೆಗೆದರು. ಇಷ್ಟೇನಾ ಎಂದು ಯಾರೂ ಕೇಳಲಿಲ್ಲ.

"ನೀವು ಇಳೀಬ್ಯಾಡ್ರಿ, ದಂಡಿ ಮ್ಯಾಲ ಕುಂದ್ರಿ," ಎಂದು ದೊಡ್ಡಕ್ಕನಿಗೆ ಹೇಳಿದೆ.

"ನಾ ಕುಂತ್ರ ಸಾಲು ಸೊಟ್ಟ ಆಗ್ತಾವ್ರಿ," ಎಂದು ಇಳಿದಳು.

ಮೂರು ದಿನ ಹಿಡಿಯಿತು. ಮೂರನೆಯ ದಿನ ಊಟದ ಹೊತ್ತಿನಲ್ಲಿ ಆಕೆ ಮಹಲಿನ ಮೆಟ್ಟಿಲ ಮೇಲೆ ಕೂತು, ಹಳೆಯ ಸೀರೆಯ ಅಂಚನ್ನು ಹರಿದು ಬೆರಳುಗಳಿಗೆ ಸುತ್ತಿಕೊಳ್ಳುತ್ತಿದ್ದಳು. ಮೊದಲು ಸುತ್ತಿದ್ದ ಬಟ್ಟೆ ಪಕ್ಕದಲ್ಲಿತ್ತು. ಅದರ ಬಣ್ಣ ನೋಡಿ ನಾನು ಮುಖ ತಿರುಗಿಸಿದೆ. ಆಕೆ ಕೆಸರಿಗೆ ಇಳಿಯಬಾರದಿತ್ತು. ನನ್ನ ಕೆಲಸ ಉಳಿಯಲಿ ಎಂದು ಇಳಿದಿದ್ದಳು. ನಾನು ಬರೆದುಕೊಟ್ಟ ಕಾಗದ ಆಗ ಹೊಸಪೇಟೆಯ ಕಚೇರಿಯಲ್ಲಿ ಸಾಹೇಬರ ಮೇಜಿನ ಮೇಲೇ ಇತ್ತು. ಹೊಸಪೇಟೆ ಏಳೆಂಟು ಮೈಲಿ, ಬಸ್ಸು ಬೇಕಾದಷ್ಟು. ಹೋಗಿ, ಸಾರ್, ತಪ್ಪು ನನ್ನದು, ಆಕೆ ಕೇಳಿದ್ದಳು, ನಾನೇ ಹೇಳಿದ್ದೆ ಎಂದು ಇನ್ನೊಂದು ಸಾಲು ಬರೆದುಕೊಟ್ಟು ಬರಬಹುದಿತ್ತು. ಎರಡು ಗಂಟೆಯ ಕೆಲಸ. ಮೊದಲು ಲಾನು ಬರಲಿ, ಆಮೇಲೆ ನೋಡೋಣ ಎಂದುಕೊಂಡೆ. ನನಗೆ ನಾಚಿಕೆಯಾಗುತ್ತಿತ್ತು, ಅದರ ಜತೆಗೇ ಹೆದರಿಕೆಯೂ ಆಗುತ್ತಿತ್ತು, ಹೆದರಿಕೆ ಸ್ವಲ್ಪ ಹೆಚ್ಚು.

ಗರಿಕೆ ಆಕೆ ಹೇಳಿದಂತೆಯೇ ಬಂತು. ಇಪ್ಪತ್ತು ದಿನಕ್ಕೆ ನೆಲ ಹಸಿರಾಯಿತು. ಆದರೆ ಸಾಲು ಸಾಲಾಗಿ ಹಸಿರಾಯಿತು. ಮಹಲಿನ ಮೆಟ್ಟಿಲಿನಿಂದ ಗೋಡೆಯವರೆಗೆ ಗೆರೆ ಎಳೆದ ನೋಟುಬುಕ್ಕಿನ ಹಾಳೆಯಂತೆ ಹುಲ್ಲು ನಿಂತಿತ್ತು. ಒಂದು ಸಾಲೂ ಸೊಟ್ಟ ಇರಲಿಲ್ಲ.

ದಿಲ್ಲಿಯ ಅಧಿಕಾರಿ ಬಂದರು. ಮಹಲನ್ನು ಒಂದು ಸುತ್ತು ಹಾಕಿದರು. ಅವರ ಹೆಂಡತಿ ಲಾನಿನ ಮುಂದೆ ನಿಂತು, ಇದು ಯಾವ ಬೆಳೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಎಲ್ಲರೂ ಸಾಹೇಬರನ್ನು ನೋಡಿದರು. ಸಾಹೇಬರು ನನ್ನನ್ನು ನೋಡಿದರು. ನಾನು ಮಹಲನ್ನು ನೋಡಿದೆ.

"ಇದು ಆ ಕಾಲದ ಪದ್ಧತಿ, ಮೇಡಂ," ಎಂದರು ಸಾಹೇಬರು. "ರಾಣಿಯರ ತೋಟದಲ್ಲಿ ಹುಲ್ಲನ್ನು ಸಾಲಿನಲ್ಲೇ ಹಾಕುತ್ತಿದ್ದರು. ನಮ್ಮ ಮೇಲ್ವಿಚಾರಕರು ಚರಿತ್ರೆ ಓದಿದವರು."

ನಾನು ಚರಿತ್ರೆ ಓದಿದವನಂತೆ ತಲೆಯಾಡಿಸಿದೆ. ಮೇಡಂ ಅವರಿಗೆ ಬಹಳ ಸಂತೋಷವಾಯಿತು. ಹುಲ್ಲು ಹಬ್ಬಿ ಸಾಲುಗಳು ಮುಚ್ಚಿಹೋಗಲು ಇನ್ನೂ ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಗೈಡುಗಳು ಇದನ್ನು ಕಲಿತುಬಿಟ್ಟಿದ್ದರು. ಸಾಲುಗಳು ಹೋದ ಮೇಲೂ ಎಷ್ಟೋ ವರ್ಷ, ರಾಣಿಯರ ಕಾಲದಲ್ಲಿ ಇಲ್ಲಿ ಹುಲ್ಲು ಸಾಲಿನಲ್ಲಿತ್ತು ಎಂದು ಜನರಿಗೆ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ. ತಿದ್ದಲಿಲ್ಲ.

ಶ್ರಾವಣದಲ್ಲಿ ಕಚೇರಿಯಿಂದ ಎರಡು ಕಾಗದ ಬಂದವು. ಒಂದು, ನನ್ನನ್ನು ಖಾಯಂ ಮಾಡಿದ ಆದೇಶ. ತೋಟವನ್ನು ಐತಿಹಾಸಿಕ ಪದ್ಧತಿಯಲ್ಲಿ ರೂಪಿಸಿದ್ದಕ್ಕೆ ಮೆಚ್ಚುಗೆಯೂ ಅದರಲ್ಲಿತ್ತು. ಇನ್ನೊಂದು, ಮೇಲ್ವಿಚಾರಕರ ವರದಿಯ ಪ್ರಕಾರ ಲಾನನ್ನು ನಾಶಪಡಿಸಿದ ಎಮ್ಮಿಗನೂರಿನ ಗುಂಪಿನವರನ್ನು ಇನ್ನು ಮುಂದೆ ಯಾವ ಕೆಲಸಕ್ಕೂ ತೆಗೆದುಕೊಳ್ಳಬಾರದು ಎಂಬ ಆದೇಶದ ನಕಲು. ಕೆಳಗೆ ನನ್ನ ವಾಕ್ಯವನ್ನು ಸದರಿಯ ಸಮೇತ ಇಳಿಸಿದ್ದರು. ಮೂಲ ಪ್ರತಿಯನ್ನು ಗುಂಪಿನ ಹಿರಿಯಾಕೆಗೆ ಅಂಚೆಯಲ್ಲಿ ಕಳಿಸಿದ್ದಾರೆಂದು ಬರೆದಿತ್ತು. ಲಾನನ್ನು ನಾಶ ಮಾಡಿದವರೇ ಅದನ್ನು ನೆಟ್ಟವರು ಎಂಬುದು ಯಾವ ಕಾಗದದಲ್ಲೂ ಇರಲಿಲ್ಲ. ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ.

ಮೊದಲನೆಯ ಕಾಗದವನ್ನು ಅಪ್ಪನಿಗೆ ತೋರಿಸಿದೆ. ಅಪ್ಪ ಅಂಗಡಿಗೆ ಬಂದವರಿಗೆಲ್ಲ ಓದಿಸಿ, ಪೇಡೆ ಹಂಚಿದ.

ಅದಾದ ನಾಲ್ಕನೆಯ ದಿನ ದೊಡ್ಡಕ್ಕ ಬಂದಳು. ಒಬ್ಬಳೇ. ಚಪ್ಪಲಿ ಕೈಯಲ್ಲಿತ್ತು, ಇನ್ನೊಂದು ಕೈಯಲ್ಲಿ ಆ ಕಾಗದ. ಹುಲ್ಲಿನ ಅಂಚಿನಲ್ಲಿ ಕೂತು, ಗರಿಕೆಯನ್ನು ಒಮ್ಮೆ ಅಂಗೈಯಿಂದ ಸವರಿ, "ಚಲೋ ಹಬ್ಬೈತ್ರಿ," ಎಂದಳು. ಆಮೇಲೆ ಕಾಗದ ಚಾಚಿದಳು.

"ಇದನ್ನೊಂದೀಟು ಓದಿ ಹೇಳ್ರಿ ಸಾರ."

ತೆಗೆದುಕೊಂಡೆ. ಒಳಗೆ ಏನಿದೆ ಎಂದು ನೋಡುವ ಅಗತ್ಯ ನನಗಿರಲಿಲ್ಲ. ಆದರೂ ಸಾಲಿನ ಮೇಲೆ ಕಣ್ಣು ಓಡಿಸುತ್ತ ಗಟ್ಟಿಯಾಗಿ ಓದಿದೆ. "ಎಮ್ಮಿಗನೂರಿನ ಹೆಂಗಸರು ತೋಟದಲ್ಲಿ ಶ್ರದ್ಧೆಯಿಂದ ಕೆಲಸ ಮಾಡಿರುತ್ತಾರೆ. ಸದ್ಯಕ್ಕೆ ಸದರಿ ಕೆಲಸ ಖಾಲಿ ಇಲ್ಲದ ಕಾರಣ ಅವರನ್ನು ತೆಗೆದುಕೊಳ್ಳಲು ಆಗುವುದಿಲ್ಲ. ಮುಂದೆ ನೋಡಲಾಗುವುದು." ಇದ್ದ ಸಾಲುಗಳ ಮೇಲೆ ಬೆರಳಿಟ್ಟು ಇಲ್ಲದ ಸಾಲುಗಳನ್ನು ಓದುವುದು ಕಷ್ಟ. ಚೆನ್ನಾಗಿಯೇ ಓದಿದೆ ಎಂದು ನನಗನ್ನಿಸಿತು.

ಆಕೆ ಪೂರ್ತಿ ಕೇಳಿದಳು. "ಇಷ್ಟೇ ಏನ್ರಿ?"

"ಇಷ್ಟೇ."

"ನಮ್ಮೂರ ಸಾಲಿ ಮಾಸ್ತರ್ರು ಬ್ಯಾರೆ ಓದಿದ್ರು."

ನಾನು ಕಾಗದ ನೋಡುತ್ತ ಕೂತೆ.

"ಮೇಲ್ವಿಚಾರಕರು ಹಿಂಗಿಂಗ ಬರದು ಕೊಟ್ಟಾರ, ನಮಗ ಬುದ್ಧಿ ಇಲ್ಲ, ಅದಕ್ಕ ನಾವ ಹಾಳು ಮಾಡೀವಿ ಅಂತ ಐತಿ ಅಂದ್ರು. ನಾ ಒಪ್ಪಲಿಲ್ಲ. ಮೇಲ್ವಿಚಾರಕರು ಅಂದ್ರ ನಮ್ಮ ಸಾರಲ್ಲ, ಜೀಪಿನಾಗ ಬರ್ತಾರಲ್ಲ, ಆ ಸಾಹೇಬ್ರಿರಬೇಕು ಅಂದೆ. ನಮ್ಮ ಸಾರಿಗೆ ನಾ ಕೇಳಿದ್ದು ಗೊತ್ತೈತಿ, ಅವ್ರು ಹಂಗ ಬರ್ಯಾಂಗಿಲ್ಲ ಅಂತ ಮಾಸ್ತರ್ರ ಜತಿ ಜಗಳ ಮಾಡಿ ಬಂದೀನಿ."

ಆಕೆ ನನ್ನ ಕೈಯಿಂದ ಕಾಗದವನ್ನು ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ತೆಗೆದುಕೊಂಡಳು.

"ನೀವು ಇದ್ದದ್ದು ಇದ್ದಂಗ ಓದಿದ್ರ, ನೀವು ಬರದಿಲ್ಲ ಅಂತನ ನಂಬ್ತಿದ್ದೆ."

ನಾನು "ಅಕ್ಕಾ" ಎಂದೆ. ಆಕೆ ಸ್ವಲ್ಪ ಹೊತ್ತು ಕಾದಳು. ನಿಜವಾಗಿಯೂ ಕಾದಳು, ಅದು ನನಗೆ ಗೊತ್ತು. ಆಮೇಲೆ ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ಕಾಲುವಿ ಬಿಟ್ಟಾರ. ನಾಟಿ ನಡದಾವು, ನನಗಾಗಿ ಕಾಯ್ತಿರ್ತಾರ. ಬರ್ತೀನ್ರಿ," ಎಂದು ಬಸ್ಸಿನ ದಾರಿ ಹಿಡಿದಳು.